ಮಡಿದವರು ಮತ್ತೆ ಏಳುವ ಯುದ್ಧ

ಅಮೆರಿಕದ ಗೆಟ್ಟಿಸ್‌ಬರ್ಗ್‌ನಲ್ಲಿ 1863ರ ಜುಲೈ 1ರಿಂದ 3ರವರೆಗೆ ನಡೆದ ಕದನದಲ್ಲಿ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಸುಮಾರು 51,000 ಮಂದಿ. ಅದನ್ನೇ ಇಂದು ಹವ್ಯಾಸಿಗಳು ಹಳೆಯ ಸಮವಸ್ತ್ರ ತೊಟ್ಟು, ಗುಂಡಿಲ್ಲದ ಬಂದೂಕು ಹಿಡಿದು ಅಭಿನಯಿಸುತ್ತಾರೆ. ಅವರ ಶ್ರದ್ಧೆಯನ್ನು ಹಳಿಯಲಾರೆ; ಒಂದು ಹೊಲಿಗೆಗಾಗಿಯೂ ಅವರು ಚರಿತ್ರೆಯನ್ನು ಶೋಧಿಸುತ್ತಾರೆ. ಆದರೆ ಬಿದ್ದವನು ಎದ್ದು ಊಟಕ್ಕೆ ಹೋಗುವ ಯುದ್ಧ ಯುದ್ಧವೇ ಅಲ್ಲ. ಅಲ್ಲಿ ಶೌರ್ಯವುಂಟು, ವಿಧವೆಯಿಲ್ಲ. ದಕ್ಷಿಣದವರ ಬಾವುಟವುಂಟು, ಅದು ಕಾಯಹೊರಟ ಗುಲಾಮಗಿರಿ ಮಾತ್ರ ಕಾಣದು.

ಆ ದೇಶದ ರಾಷ್ಟ್ರೀಯ ಉದ್ಯಾನ ಇಲಾಖೆಯು ತನ್ನ ವಶದಲ್ಲಿರುವ ರಣಭೂಮಿಗಳಲ್ಲಿ ಇಂತಹ ಅಣಕು ಕದನವನ್ನು ನಿಷೇಧಿಸಿರುವುದು ನ್ಯಾಯವೇ. ಶಿಬಿರ ಹೂಡಲಿ, ಗಾಯಾಳುಗಳ ಡೇರೆಯನ್ನು ತೋರಿಸಲಿ, ಮಡಿದವರ ಹೆಸರುಗಳನ್ನು ಓದಲಿ. ಕೊಲ್ಲುವ ಆಟ ಬೇಡ. ಚಪ್ಪಾಳೆ ತಟ್ಟುವ ಮುನ್ನ ಕೇಳಿಕೊಳ್ಳಿ: ಯಾರ ಸಾವು ನಿಮಗೆ ವಿನೋದ?