ಹುಲಿಯನಿಗಾಗಿ ಅತ್ತೆ, ಗುತ್ತಿಯನ್ನು ನೋಡಲಿಲ್ಲ



ಭದ್ರಾವತಿಯಲ್ಲಿ ಹೈಸ್ಕೂಲು ಓದುವಾಗ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ನನ್ನ ಕೈಗೆ ಸಿಕ್ಕಿತು. 1967ರಲ್ಲಿ ಪ್ರಕಟವಾದ ಆ ದಪ್ಪ ಕಾದಂಬರಿಯನ್ನು ಒಂದೇ ಬೇಸಿಗೆ ರಜೆಯಲ್ಲಿ ಎರಡು ಸಲ ಓದಿದೆ. ಕಬ್ಬಿಣದ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದ ಅಪ್ಪಾಜಿ ದೀಪ ಆರಿಸು ಎಂದು ಗದರಿದರೂ ಪುಸ್ತಕ ಕೆಳಗಿಡುತ್ತಿರಲಿಲ್ಲ. ನನಗೆ ಅದು ಕಾಡು, ಮಳೆ, ಕತ್ತಲೆ, ಸಾಹಸಗಳ ಕಥೆ. ಗುತ್ತಿಯ ನಾಯಿ ಹುಲಿಯ ತುಂಗೆಯ ನೆರೆಯ ಪಾಲಾದಾಗ ಊಟ ಬಿಟ್ಟು ಅತ್ತಿದ್ದೆ.

ನೀರಾವರಿ ಇಲಾಖೆಯಲ್ಲಿ ಸೇವೆ ಮುಗಿಸಿ ಶಿವಮೊಗ್ಗದಲ್ಲಿ ನೆಲೆಸಿದ ಮೇಲೆ ಅದೇ ಕಾದಂಬರಿಯನ್ನು ಮತ್ತೆ ಓದಿದೆ. ಈ ಸಲ ಕಣ್ಣಿಗೆ ಬಿದ್ದವನು ಗುತ್ತಿ. ಅವನು ಸಿಂಭಾವಿ ಹೆಗ್ಗಡೆಯವರ ಜೀತದಾಳು. ಅವನು ಮೆಚ್ಚಿದ ತಿಮ್ಮಿ ಬೆಟ್ಟಳ್ಳಿ ಗೌಡರ ಕೇರಿಯವಳು. ಅವಳು ಯಾರನ್ನು ಮದುವೆಯಾಗಬೇಕು ಎಂಬುದು ಒಡೆಯರ ಲೆಕ್ಕದ ಮಾತು. ಅದಕ್ಕೇ ಅವರಿಬ್ಬರೂ ರಾತ್ರೋರಾತ್ರಿ ಕಾಡು ಹಿಡಿಯಬೇಕಾಯಿತು. ನಾನು ಸಾಹಸ ಎಂದುಕೊಂಡದ್ದು ಅವರ ಪಾಲಿಗೆ ಪ್ರಾಣಭಯ. ನಾಯಿಗಾಗಿ ಅತ್ತ ಹುಡುಗನಿಗೆ ಮನುಷ್ಯನ ಸಂಕಟ ಕಾಣಲಿಲ್ಲವೇಕೆ?

ಉತ್ತರ ನಮ್ಮ ಹಳ್ಳಿಯ ಮನೆಯ ಹಿತ್ತಲಲ್ಲಿತ್ತು. ಗದ್ದೆಯ ಆಳಿಗೆಂದೇ ಅಲ್ಲಿ ಒಂದು ತೆಂಗಿನ ಕರಟ ಇಟ್ಟಿದ್ದರು. ಅಜ್ಜಿ ಎತ್ತರದಿಂದ ಮಜ್ಜಿಗೆ ಸುರಿಯುತ್ತಿದ್ದರು. ಅದೇ ಅಜ್ಜಿ ಬೆಳಿಗ್ಗೆ ಇಷ್ಟಲಿಂಗ ಪೂಜೆ ಮಾಡದೆ ನೀರೂ ಮುಟ್ಟುತ್ತಿರಲಿಲ್ಲ. ಮನೆಯಲ್ಲಿ ದಿನವೂ ಕಂಡದ್ದು ಪುಸ್ತಕದಲ್ಲಿ ವಿಶೇಷವಾಗಿ ಕಾಣುವುದೆಂತು?

“ಅದು ಮಲೆನಾಡಿನ ಗೌಡರ, ಹೆಗ್ಗಡೆಯವರ ಕಥೆ, ನಮ್ಮದಲ್ಲ” ಎಂದು ನಮ್ಮ ಕೆಲವು ಹಿರಿಯರು ಹೇಳುವುದುಂಟು. “ಜೀತ ಹೋಯಿತು, 1976ರಲ್ಲೇ ಕಾನೂನು ಬಂತು, ಹಳೆಯ ಗಾಯ ಕೆದಕಬೇಡಿ” ಎಂಬ ಮಾತೂ ಇದೆ. ಕಾನೂನು ಬಂದದ್ದು ನಿಜ. ಕರಟ ಹೋದದ್ದೂ ನಿಜ. ಆದರೆ ಮದುವೆಯ ಲೆಕ್ಕ ಹೋಗಿದೆಯೇ?

ನನ್ನ ಮನೆಯದನ್ನೇ ಹೇಳುತ್ತೇನೆ. ಮೂರು ವರ್ಷದ ಹಿಂದೆ ಮಗಳು ಜೊತೆಯಲ್ಲಿ ಕೆಲಸ ಮಾಡುವ ದಲಿತ ಕುಟುಂಬದ ಹುಡುಗನನ್ನು ಮದುವೆಯಾಗುತ್ತೇನೆ ಎಂದಳು. “ನೆಂಟರಿಷ್ಟರಿಗೆ ಹೇಗೆ ಮುಖ ತೋರಿಸಲಿ?” ಎಂದೆ. “ಅಪ್ಪಾಜಿ, ಮೊನ್ನೆ ಬಸವ ಜಯಂತಿಯಲ್ಲಿ ಹರಳಯ್ಯ, ಮಧುವರಸರ ಬಗ್ಗೆ ಅರ್ಧ ಗಂಟೆ ಮಾತಾಡಿದಿರಲ್ಲ?” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಅವರು ನೋಂದಣಿ ಕಚೇರಿಯಲ್ಲಿ ಮದುವೆಯಾದರು. ನಾನು ಹೋಗಲಿಲ್ಲ. ಆ ತಿಂಗಳೇ ಕಾದಂಬರಿಯನ್ನು ಮತ್ತೆ ಕೈಗೆತ್ತಿಕೊಂಡದ್ದು. ಬೆಟ್ಟಳ್ಳಿಯ ಒಡೆಯರ ಜಾಗದಲ್ಲಿ ನಾನೇ ಕುಳಿತಿದ್ದೆ.

ಕಲ್ಯಾಣದಲ್ಲಿ ಸಮಗಾರ ಹರಳಯ್ಯನವರ ಮನೆಗೂ ಬ್ರಾಹ್ಮಣ ಮಧುವರಸರ ಮನೆಗೂ ನಂಟಸ್ತಿಕೆ ಬೆಳೆದದ್ದಕ್ಕೆ ಆ ಇಬ್ಬರು ತಂದೆಯರು ಎಳೆಹೂಟೆ ಶಿಕ್ಷೆ ಅನುಭವಿಸಿದರೆಂದು ನಾವೇ ಸಾರುತ್ತೇವೆ. ಅಂಥವರ ವಾರಸುದಾರರು ನಾವು. ಆದರೆ ನಮ್ಮ ವಧು-ವರರ ಸಮಾವೇಶದ ಅರ್ಜಿ ತೆಗೆದು ನೋಡಿ: ‘ಒಳಪಂಗಡ’ ಎಂಬ ಕಾಲಂ. ಸಾದರೋ, ಪಂಚಮಸಾಲಿಯೋ, ಬಣಜಿಗರೋ, ಜಂಗಮರೋ ಎಂದು ಕೇಳದೆ ಮಾತು ಮುಂದುವರಿಯುವುದಿಲ್ಲ. ಲಿಂಗ ಕಟ್ಟಿದವರ ನಡುವೆಯೇ ಇಷ್ಟು ಗೋಡೆಗಳಿದ್ದರೆ, ಹರಳಯ್ಯನವರ ಮನೆಯವರು ಬಾಗಿಲಿಗೆ ಬಂದಾಗ ನಾವೇನು ಮಾಡುತ್ತೇವೆ ಎಂದು ಹೇಳಬೇಕೇ?

ನಾಲೆಯ ಕೆಲಸ ಮಾಡಿದವನು ನಾನು. ತೂಬಿನಲ್ಲಿ ಎಷ್ಟು ನೀರು ಬಿಟ್ಟೆವು ಎಂಬುದು ಕಡತದ ಲೆಕ್ಕ. ಅಚ್ಚುಕಟ್ಟಿನ ಕೊನೆಯ ಗದ್ದೆ ನೆನೆಯಿತೇ ಎಂಬುದೇ ನಿಜವಾದ ಲೆಕ್ಕ. ಭದ್ರಾ ನಾಲೆಯ ಕೊನೆಭಾಗದ ರೈತರನ್ನು ಕೇಳಿ, ಹೇಳುತ್ತಾರೆ. ನಮ್ಮ ವೇದಿಕೆಗಳಲ್ಲಿ ಬಸವತತ್ವ ಧಾರಾಳವಾಗಿ ಹರಿಯುತ್ತಿದೆ. ಮನೆಯ ಹೊಸ್ತಿಲಿಗೆ ಬರುವಷ್ಟರಲ್ಲಿ ಒಣಗುತ್ತಿದೆ.

ಆದ್ದರಿಂದ ಪೂಜ್ಯರಲ್ಲಿ, ಸಮಾಜದ ಮುಖಂಡರಲ್ಲಿ ನನ್ನ ಕೋರಿಕೆ ಇಷ್ಟೇ. ವಧು-ವರರ ಅರ್ಜಿಯಿಂದ ಒಳಪಂಗಡದ ಕಾಲಂ ಕಿತ್ತುಹಾಕಿ. ಜಾತಿ ಮೀರಿ ಮದುವೆಯಾಗುವ ಮಕ್ಕಳಿಗೆ ಮಠದ ಅಂಗಳವನ್ನೇ ಕಲ್ಯಾಣ ಮಂಟಪ ಮಾಡಿ. ಗುತ್ತಿ, ತಿಮ್ಮಿಯರು ಇನ್ನು ಕತ್ತಲಲ್ಲಿ ಓಡಬಾರದು.

ಕಳೆದ ಯುಗಾದಿಗೆ ಮಗಳ ಮನೆಗೆ ಹೋಗಿ ಅಳಿಯನ ತಾಯಿ ಬಡಿಸಿದ ಹೋಳಿಗೆ ಉಂಡು ಬಂದೆ. ತಡವಾಯಿತು, ಒಪ್ಪುತ್ತೇನೆ. ನೀವು ತಡಮಾಡಬೇಡಿ.