ಸೊಂಟದ ಆಪರೇಷನ್ನಿಗೆ ದಿನ ಗೊತ್ತುಮಾಡುವವರು ಯಾರು?

ನಿಪ್ಪಾಣಿ ಸೀಮೆಯ ಬೋರಗಾಂವದಲ್ಲಿ ನಮಗೊಬ್ಬ ಹಳೆಯ ಸ್ನೇಹಿತರಿದ್ದಾರೆ. ಸಹಕಾರ ಸಂಘಗಳ ತರಬೇತಿ ಶಿಬಿರವೊಂದರಲ್ಲಿ ಒಂದೇ ಕೋಣೆಯಲ್ಲಿ ಇಳಿದುಕೊಂಡಂದಿನಿಂದ ಬೆಳೆದ ಸ್ನೇಹ. ಅವರ ಊರಿನಲ್ಲಿ ಅಡಿಕೆಯೂ ಇಲ್ಲ, ಕಾಫಿಯೂ ಇಲ್ಲ. ಕಬ್ಬು, ತಂಬಾಕು, ಸೋಯಾಬೀನ್ ಬೆಳೆಯುವ ಕಪ್ಪು ನೆಲ. ಆದರೆ ಕಬ್ಬಿನ ಹೊರೆ ಹೊತ್ತು ಹಲಗೆ ಏರಿ ಟ್ರ್ಯಾಲಿ ತುಂಬಿದ ಬೆನ್ನಿಗೂ, ಮಂಜಿನಲ್ಲಿ ನೆನೆದ ಕಾಫಿ ಹಣ್ಣಿನ ಚೀಲ ಹೊತ್ತು ದರೆ ಹತ್ತಿದ ಬೆನ್ನಿಗೂ ಏನು ವ್ಯತ್ಯಾಸ? ನಾಲ್ಕು ವರ್ಷದ ಹಿಂದೆ, ಕೆಲವೇ ತಿಂಗಳ ಅಂತರದಲ್ಲಿ, ಇಬ್ಬರಿಗೂ ಒಂದೇ ಕಾಯಿಲೆ ಬಂತು. ಅವರು ಆಪರೇಷನ್ ಮಾಡಿಸಿಕೊಂಡರು, ನಾವು ಮಾಡಿಸಿಕೊಳ್ಳಲಿಲ್ಲ. ಇಬ್ಬರೂ ಇಂದು ನಡೆದಾಡುತ್ತಿದ್ದೇವೆ. ಸಂಘದ ಕಟ್ಟೆಯ ಮೇಲೆ ಸಿಕ್ಕವರೆಲ್ಲ "ಯಾವುದು ಸರಿ, ಮಾಡಿಸುವುದೋ ಬಿಡುವುದೋ?" ಎಂದು ಕೇಳುತ್ತಿರುವುದರಿಂದ ಈ ಬರಹ.

ಕಾಯಿಲೆಯ ಹೆಸರು ಸಯಾಟಿಕ. ಅನುಭವಿಸದವರಿಗೆ ಹೇಳಿ ತಿಳಿಸುವುದು ಕಷ್ಟ. ಕುಂಡೆಯ ಆಳದಿಂದ ಹೊರಟ ನೋವು ತೊಡೆಯ ಹಿಂಬದಿಯಲ್ಲಿ ಇಳಿದು ಮೀನಖಂಡವನ್ನು ಸೀಳಿಕೊಂಡು ಕಿರುಬೆರಳಿನ ತನಕ ಹೋಗುತ್ತದೆ. ಸೀನಿದರೆ ಕಾಲಿಗೆ ಕರೆಂಟು ಹೊಡೆದಂತೆ. ಕೂರುವಂತಿಲ್ಲ, ಬಗ್ಗುವಂತಿಲ್ಲ, ರಾತ್ರಿ ಮಗ್ಗುಲು ಬದಲಿಸಲು ಗೋಡೆ ಹಿಡಿಯಬೇಕು. ಇಷ್ಟಾದರೂ ಗಾಯವಿಲ್ಲ, ಬಾವಿಲ್ಲ, ಜ್ವರವಿಲ್ಲ. ನೋಡಿದವರಿಗೆ ಆಸಾಮಿ ಗುಂಡುಕಲ್ಲಿನಂತೆ ಕಾಣುತ್ತಾನೆ. "ಕೊಯ್ಲಿನ ಹೊತ್ತಿಗೇ ಇವರಿಗೆ ಸೊಂಟ ಹಿಡಿಯುತ್ತದೆ" ಎಂಬ ಮಾತು ಅಡಿಗೆಮನೆಯಿಂದ ಕಿವಿಗೆ ಬಿದ್ದಾಗ ನಮಗೆ ಕಾಲಿಗಿಂತ ಹೆಚ್ಚು ನೋವಾಯಿತು. ಚರಕ ಸಂಹಿತೆಯ ವಾತವ್ಯಾಧಿಗಳಲ್ಲಿ ಇದಕ್ಕೆ ಗೃಧ್ರಸಿ ಎಂದು ಹೆಸರು. ಗೃಧ್ರ ಎಂದರೆ ರಣಹದ್ದು. ರೋಗಿ ಓರೆಯಾಗಿ ಕುಪ್ಪಳಿಸುವ ಆ ನಡಿಗೆ ಕಂಡವರು ಹೆಸರಿಗೆ ಬೇರೆ ವಿವರಣೆ ಕೇಳಲಾರರು.

ಬೆನ್ನೆಲುಬಿನ ಮಣಿಗಳ ನಡುವೆ ಒಂದೊಂದು ಬಿಲ್ಲೆಯಿದೆ. ಹೊರಗೆ ಗಟ್ಟಿ ನಾರಿನ ಬಳೆ, ಒಳಗೆ ಲೋಳೆಯಂಥ ತಿರುಳು. ಬಳೆ ಸೀಳಿದಾಗ ತಿರುಳು ಹೊರನುಗ್ಗಿ ಪಕ್ಕದ ನರದ ಬೇರನ್ನು ಒತ್ತುತ್ತದೆ, ಕೆರಳಿಸುತ್ತದೆ. ಹೆಚ್ಚಾಗಿ ಸೊಂಟದ ಕೊನೆಯ ಎರಡು ಬಿಲ್ಲೆಗಳಲ್ಲಿ ಹೀಗಾಗುತ್ತದೆ. ಕಾಲುನೋವಿಗೂ ಈ ಬಿಲ್ಲೆಗೂ ಇರುವ ನಂಟನ್ನು ವೈದ್ಯಲೋಕಕ್ಕೆ ಮನದಟ್ಟು ಮಾಡಿದವರು ಅಮೆರಿಕೆಯ ಬಾಸ್ಟನ್ನಿನ ಮಿಕ್ಸ್ಟರ್ ಮತ್ತು ಬಾರ್ ಎಂಬ ಇಬ್ಬರು, 1934ರಲ್ಲಿ. ಜನ 'ಡಿಸ್ಕ್ ಜಾರಿದೆ' ಎನ್ನುತ್ತಾರೆ, ಆದರೆ ಅಲ್ಲಿ ಜಾರುವುದು ಏನೂ ಇಲ್ಲ. ಜಾರದ್ದನ್ನು "ಕೂರಿಸಿ ಕೊಡುತ್ತೇನೆ" ಎಂದು ಬೆನ್ನ ಮೇಲೆ ಹತ್ತಿ ತುಳಿಯುವವರ ಬಳಿಗೆ ದಯವಿಟ್ಟು ಹೋಗಬೇಡಿ. ನಾವು ಹೋಗಿದ್ದೆವು, ನಾಚಿಕೆಯಿಂದಲೇ ಹೇಳುತ್ತಿದ್ದೇವೆ.

ಇನ್ನು ಬೋರಗಾಂವದ ಕತೆ. ಸ್ನೇಹಿತರಿಗೆ ನೋವು ಹತ್ತಿದ್ದು ಕಬ್ಬು ಕಡಿಯುವ ಹಂಗಾಮಿನಲ್ಲಿ. ಕಾರ್ಖಾನೆಯ ಸರದಿ ಬಂದಾಗ ಕಬ್ಬು ಹೋಗಲೇಬೇಕು, ತಪ್ಪಿದರೆ ತೂಕ ಇಳಿಯುತ್ತದೆ. "ಕಬ್ಬು ಹೋಗಲಿ, ಆಮೇಲೆ ನೋಡೋಣ" ಎಂದು ಮಾತ್ರೆ ನುಂಗಿ ಎಳೆದರು. ಒಂದು ಬೆಳಿಗ್ಗೆ ಗದ್ದೆಯ ಬದುವಿನ ಮೇಲೆ ನಡೆಯುವಾಗ ಹಿಂದೆ ಬರುತ್ತಿದ್ದ ಮಗ "ಅಪ್ಪಾ, ಚಪ್ಪಲಿ ಬಿತ್ತಲ್ಲ" ಎಂದನಂತೆ. ಚಪ್ಪಲಿ ಕಳಚಿದ್ದು ಇವರಿಗೆ ತಿಳಿದಿರಲಿಲ್ಲ. ಪಾದ ಮೇಲೆತ್ತಲು ನೋಡಿದರೆ ಏಳುತ್ತಿಲ್ಲ. ಆ ಭಾಗದವರಿಗೆ ದೊಡ್ಡ ಕಾಯಿಲೆಯೆಂದರೆ ಮೊದಲು ನೆನಪಾಗುವುದು ಮೀರಜ. ರಾಜ್ಯ ಬೇರೆಯಾದರೂ, 1894ರಲ್ಲಿ ವಾನ್‌ಲೆಸ್ ಸಾಹೇಬರು ಅಲ್ಲಿ ಆಸ್ಪತ್ರೆ ತೆರೆದಂದಿನಿಂದ ಗಡಿಯ ಕನ್ನಡಿಗರ ಕಾಲು ಅತ್ತಲೇ ಎಳೆಯುತ್ತದೆ. ಅದೇ ಊರಿನ ಒಂದು ಆಸ್ಪತ್ರೆಯಲ್ಲಿ ಎಂ.ಆರ್.ಐ. ತೆಗೆಸಿ, ತಡಮಾಡದೆ ನರದ ಮೇಲೆ ಕುಳಿತಿದ್ದ ತುಂಡನ್ನು ತೆಗೆದರು. ಎಚ್ಚರವಾದಾಗ ಕಾಲಿನ ಸೀಳುನೋವು ಇರಲಿಲ್ಲ. ಪಾದದ ಶಕ್ತಿ ಮರಳಲು ಮಾತ್ರ ತಿಂಗಳುಗಳೇ ಬೇಕಾದವು, ಹೆಬ್ಬೆರಳು ಇಂದಿಗೂ ಪೂರ್ತಿ ಏಳದು. "ಅದು ಕಬ್ಬಿಗೆ ಕಾದದ್ದರ ಬಡ್ಡಿ" ಎಂದು ಅವರೇ ಹೇಳುತ್ತಾರೆ.

ನಮ್ಮದು ಇದಕ್ಕೆ ತಿರುಗುಮುರುಗು. ನೋವು ಅಷ್ಟೇ ಇತ್ತು, ಆದರೆ ಪಾದಕ್ಕೆ ಶಕ್ತಿಯಿತ್ತು. ಕೊನೆ ಕೊಯ್ಲಿಗೆ ಎರಡು ತಿಂಗಳು, ಅದರ ಬೆನ್ನಿಗೇ ಕಾಫಿ. ಮನೆಯಲ್ಲಿ ಎಲ್ಲರ ಅಭಿಪ್ರಾಯ ಒಂದೇ: ಈಗಲೇ ಆಪರೇಷನ್ ಮಾಡಿಸಿಬಿಟ್ಟರೆ ಸುಗ್ಗಿಯ ಹೊತ್ತಿಗೆ ಮೈ ಸರಿಯಾಗುತ್ತದೆ. ಪಂಪ್‌ಸೆಟ್ಟನ್ನು ಬೇಸಿಗೆಗೆ ಮುಂಚೆ ರಿಪೇರಿಗೆ ಕಳಿಸುವ ಲೆಕ್ಕ! ಮೊದಲು ನೋಡಿದ ವೈದ್ಯರೂ ದಿನ ಕೊಡಲು ಸಿದ್ಧರಿದ್ದರು. ಎರಡನೆಯವರು ಕಾಲನ್ನು ನೇರವಾಗಿ ಎತ್ತಿಸಿ, ಬೆರಳಿನ ಮೇಲೆ, ಹಿಮ್ಮಡಿಯ ಮೇಲೆ ನಡೆಸಿ ನೋಡಿ, "ಸುಗ್ಗಿಯನ್ನು ಕೇಳಬೇಡಿ, ನರವನ್ನು ಕೇಳಿ. ನರ ಇನ್ನೂ ಸೋತಿಲ್ಲ, ಕಾಯಬಹುದು" ಎಂದರು. ಆಪರೇಷನ್ ಆದರೂ ಕೆಲವು ವಾರ ಭಾರ ಎತ್ತುವಂತಿಲ್ಲ, ಕೆಲವರಲ್ಲಿ ಅದೇ ಬಿಲ್ಲೆಯಿಂದ ಮತ್ತೆ ತುಂಡು ಹೊರಬರುವುದೂ ಉಂಟು ಎಂದು ತಿಳಿಸಿದವರೂ ಅವರೇ. ಎಂ.ಆರ್.ಐ. ಚಿತ್ರವೊಂದನ್ನೇ ನೋಡಿ ಹೆದರಬಾರದಂತೆ. ನೋವೇ ಇಲ್ಲದವರ ಚಿತ್ರಗಳನ್ನು ಪರಿಶೀಲಿಸಿದ 2015ರ ವರದಿಯ ಪ್ರಕಾರ ಇಪ್ಪತ್ತರ ವಯಸ್ಸಿನವರಲ್ಲಿ ಶೇಕಡ 30, ಎಂಬತ್ತರವರಲ್ಲಿ ಶೇಕಡ 84 ಮಂದಿಯ ಬಿಲ್ಲೆ ಉಬ್ಬಿರುತ್ತದೆ.

ಹಾಲೆಂಡ್ ದೇಶದಲ್ಲಿ ಆರರಿಂದ ಹನ್ನೆರಡು ವಾರ ತೀವ್ರ ಸಯಾಟಿಕದಿಂದ ನರಳಿದ 283 ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಬೇಗನೆ ಆಪರೇಷನ್, ಇನ್ನೊಂದಕ್ಕೆ ಕಾದು ನೋಡುವ ಚಿಕಿತ್ಸೆ. ಆಪರೇಷನ್ ಗುಂಪಿನವರ ನೋವು ಬೇಗ ಇಳಿಯಿತು, ಇದು ಸಣ್ಣ ಮಾತಲ್ಲ. ಕಾದವರಲ್ಲೂ ಶೇಕಡ 39 ಮಂದಿ ತಡೆಯಲಾರದೆ ವರ್ಷದೊಳಗೆ ಆಪರೇಷನ್ನಿಗೆ ಒಪ್ಪಿದರು. ಆದರೆ ವರ್ಷ ತುಂಬಿದಾಗ ಎರಡೂ ಗುಂಪುಗಳಲ್ಲಿ ಶೇಕಡ 95 ಮಂದಿ ಚೇತರಿಸಿಕೊಂಡಿದ್ದರು. ಹೊರಬಂದ ತಿರುಳನ್ನು ದೇಹ ಎಷ್ಟೋ ಸಲ ತಾನೇ ಕರಗಿಸಿಕೊಳ್ಳುತ್ತದೆ. ಹಾಗಾಗಿ, ನರ ಸೋಲದಿದ್ದರೆ ಆಪರೇಷನ್ನಿನಿಂದ ಮುಖ್ಯವಾಗಿ ದೊರೆಯುವುದು ಬೇಗನೆ ಬರುವ ಉಪಶಮನ. ಅದನ್ನು ಕೊಳ್ಳಬೇಕೋ ಬೇಡವೋ ಎಂಬುದು ಅವರವರ ನೋವಿಗೆ ಬಿಟ್ಟದ್ದು. ಕೊಂಡವರನ್ನು ಹೇಡಿಗಳೆನ್ನುವುದು ತಪ್ಪು.

ನರ ಸೋಲುತ್ತಿದ್ದರೆ ಮಾತೇ ಬೇರೆ. ಪಾದ ಏಳದಿದ್ದರೆ, ಶಕ್ತಿ ದಿನದಿನಕ್ಕೆ ಕುಂದಿದರೆ ಕಾಯಕೂಡದು. ಮೂತ್ರ ಕಟ್ಟಿದರೆ ಅಥವಾ ಹತೋಟಿ ತಪ್ಪಿದರೆ, ಸೈಕಲ್ ಸೀಟಿಗೆ ತಗಲುವ ಜಾಗ ಮರಗಟ್ಟಿದರೆ, ಎರಡೂ ಕಾಲು ಸೋತರೆ ಬೆಳಗಾಗುವ ತನಕವೂ ಕಾಯದೆ ಆ ರಾತ್ರಿಯೇ ಜೀಪು ಹತ್ತಿ ದೊಡ್ಡ ಆಸ್ಪತ್ರೆಗೆ ಹೋಗತಕ್ಕದ್ದು.

ಕಾಯುವುದು ಎಂದರೆ ಮಲಗಿರುವುದಲ್ಲ. ಹಾಸಿಗೆಯ ವಿಶ್ರಾಂತಿಯಿಂದ ಈ ಕಾಯಿಲೆಗೆ ವಿಶೇಷ ಲಾಭವಿಲ್ಲವೆಂದು ಈಗ ಗೊತ್ತಾಗಿದೆ. ಓಡಾಡಬೇಕು, ಕಲಿಸಿದ ವ್ಯಾಯಾಮ ಮಾಡಬೇಕು, ಭಾರ ಎತ್ತಕೂಡದು, ಬಹಳ ಹೊತ್ತು ಬಗ್ಗಿ ಕೂರಕೂಡದು. ಸ್ವೀಡನ್ನಿನ ನಾಕೆಮ್ಸನ್ ಎಂಬ ವೈದ್ಯರು 1960ರ ದಶಕದಲ್ಲೇ ಜೀವಂತ ಬಿಲ್ಲೆಯೊಳಗೆ ಸೂಜಿಯಿಟ್ಟು ಒತ್ತಡ ಅಳೆದು, ನಿಂತಾಗಿಗಿಂತ ಕೂತಾಗ ಹೆಚ್ಚು, ಮುಂದಕ್ಕೆ ಬಗ್ಗಿ ಭಾರ ಎತ್ತಿದಾಗ ಇನ್ನೂ ಹೆಚ್ಚು ಎಂದು ಕಂಡರು. ಮೆಟ್ಟುಕತ್ತಿಯ ಮುಂದೆ ನಡುರಾತ್ರಿಯ ತನಕ ಕೂತು ಅಡಿಕೆ ಸುಲಿಯುವ ನಮ್ಮ ಹೆಂಗಸರ ಸೊಂಟವನ್ನು ಯಾರು ಅಳೆದಿದ್ದಾರೆ?

ನಾವು ಮೂರು ತಿಂಗಳು ಕಾಯಲು ಸಾಧ್ಯವಾದದ್ದು ಧೈರ್ಯದಿಂದಲ್ಲ. ನೆರೆಯ ನಾಲ್ಕು ಮನೆಯವರು ಮುಯ್ಯಾಳಾಗಿ ಬಂದು ನಮ್ಮ ಕೊನೆ ಇಳಿಸಿಕೊಟ್ಟರು, ಹಣ್ಣು ಕೊಯ್ದು ಕಣಕ್ಕೆ ಹಾಕಿದರು. ಹಾಗೆ ಬರುವವರಿಲ್ಲದ ಎರಡೆಕರೆ ಬೆಳೆಗಾರ ಏನು ಮಾಡಬೇಕು? ಅವನು ಸುಗ್ಗಿಗೆ ಹೆದರಿ ಬೇಡದ ಆಪರೇಷನ್ ಮಾಡಿಸುತ್ತಾನೆ, ಇಲ್ಲವೇ ಸುಗ್ಗಿಗಾಗಿ ಬೇಕಾದ ಆಪರೇಷನ್ನನ್ನು ಮುಂದೂಡುತ್ತಾನೆ.

ನಮ್ಮ ಆಕ್ಷೇಪ ಇಲ್ಲಿದೆ. 2003ರಲ್ಲಿ ವರ್ಷಕ್ಕೆ 60 ರೂಪಾಯಿ ವಂತಿಗೆಯಿಂದ ಆರಂಭವಾದ ಯಶಸ್ವಿನಿ ಯೋಜನೆ ಸಹಕಾರಿ ರೈತರ ಹೆಮ್ಮೆ. 2018ರಲ್ಲಿ ಅದು ಆರೋಗ್ಯ ಕರ್ನಾಟಕದಲ್ಲಿ ಲೀನವಾದಾಗ ದುಃಖಪಟ್ಟವರಲ್ಲಿ ನಾವೂ ಒಬ್ಬರು, 2022-23ರಲ್ಲಿ ಮರಳಿ ಬಂದಾಗ ಹಿಗ್ಗಿದವರಲ್ಲೂ ಒಬ್ಬರು. ಆದರೆ ಅದು ಹುಟ್ಟಿದ್ದೇ ಶಸ್ತ್ರಚಿಕಿತ್ಸೆಯ ವೆಚ್ಚಕ್ಕೆ. ಕತ್ತಿಗೆ ಹಣ ಸಿಗುವ ಕಡೆ ಕಾಯುವುದಕ್ಕೆ ಏನೂ ಸಿಗದಿದ್ದರೆ ಬಡವನ ಸೊಂಟ ಯಾವ ಕಡೆ ವಾಲುತ್ತದೆಂದು ಹೇಳಬೇಕೇ? ಕಾಯುವ ವಾರಗಳ ಹೊಣೆಯನ್ನು ಸರಕಾರ ಹೊರುವ ತನಕ ಸಂಘವೇ ಹೊರಬೇಕು. ವೈದ್ಯರ ಚೀಟಿ ತಂದ ಸದಸ್ಯನ ತೋಟಕ್ಕೆ ಸಂಘದ ಮೂಲಕ ಕೊಯ್ಲಿನ ಆಳು, ಕೂಲಿಯನ್ನು ಮಾಲು ಮಾರಿದ ಮೇಲೆ ಮುರಿದುಕೊಳ್ಳುವ ವ್ಯವಸ್ಥೆ. ಸಂಘಕ್ಕೆ ಇದರಿಂದ ನಷ್ಟವಿಲ್ಲ, ಮಾಲು ಬರುವುದು ಅದರ ಅಂಗಳಕ್ಕೇ. ಜೊತೆಗೆ ಗೋದಾಮಿನಲ್ಲಿ ಅರ್ಧ ಚೀಲಗಳನ್ನೂ ತಕರಾರಿಲ್ಲದೆ ತೂಗಬೇಕು. ಗಂಡಾಳು ಹೊರುವ ಭಾರ 55 ಕಿಲೋ ಮೀರಬಾರದೆಂಬುದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1967ರ ಶಿಫಾರಸು. ನಮ್ಮ ಅಡಿಕೆ ಮೂಟೆಗಳಿಗೆ ಆ ಸುದ್ದಿ ಇನ್ನೂ ತಲುಪಿದಂತಿಲ್ಲ.

ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಈ ಎರಡೂ ವಿಷಯಗಳನ್ನು ಎತ್ತಲಿದ್ದೇವೆ. ಸೊಂಟದ ತೊಂದರೆಯಿರುವ ಸದಸ್ಯರು ತಪ್ಪದೆ ಬರಬೇಕು. ಕೂರಲಾಗದವರು ಹಿಂದಿನ ಗೋಡೆಗೆ ಒರಗಿ ನಿಂತಿರಲಿ, ನಾವೂ ಅಲ್ಲೇ ನಿಂತಿರುತ್ತೇವೆ.