ವಿದೇಶ ಯಾತ್ರೆಯ ಕೈಖರ್ಚು: ಕಾರ್ಡೋ, ನೋಟೋ?

ನಮ್ಮ ಕರಾವಳಿಯ ಧರ್ಮಕೇಂದ್ರಗಳಿಂದ ರೋಮ್, ಫಾತಿಮಾ, ಲೂರ್ದ್‌ಗಳಿಗೆ ಯಾತ್ರೆ ಹೊರಡುವುದು ಒಂದು ಕಾಲದಲ್ಲಿ ಊರಿಗೇ ಸುದ್ದಿಯಾಗುತ್ತಿತ್ತು. ಇಂದು ಹಾಗಿಲ್ಲ. ಮಕ್ಕಳ ಮನೆಗೆಂದು ದುಬೈ, ಕುವೈತ್, ಲಂಡನ್‌ಗಳಿಗೆ ಹೋಗಿ ಬರುವ ತಂದೆ ತಾಯಂದಿರೂ ಪ್ರತಿ ವಾಳೆಯಲ್ಲಿ ಇದ್ದಾರೆ. ವೀಸಾ, ಟಿಕೆಟ್ ಎಲ್ಲ ಆದ ಮೇಲೆ, ಹೊರಡುವ ವಾರದಲ್ಲಿ ಏಳುವ ಪ್ರಶ್ನೆ ಒಂದೇ: ಕೈಖರ್ಚಿಗೆ ನೋಟು ಒಯ್ಯುವುದೋ, ಕಾರ್ಡ್ ಸಾಕೋ?

‘ಈಗ ಎಲ್ಲೆಡೆ ಕಾರ್ಡ್ ನಡೆಯುತ್ತದೆ, ನೋಟು ಯಾಕೆ?’ ಎಂದು ಮಕ್ಕಳು ಹೇಳುತ್ತಾರೆ. ಬಹುಮಟ್ಟಿಗೆ ನಿಜ. ಇಟಲಿಯಲ್ಲಿ ಕಾರ್ಡ್ ನಿರಾಕರಿಸುವ ವ್ಯಾಪಾರಿಗೆ 2022ರ ಜೂನ್ 30ರಿಂದ ದಂಡವೂ ಇದೆ. ಆದರೆ ಕಾರ್ಡ್ ಕೈಕೊಟ್ಟ ಎರಡು ಸಂದರ್ಭಗಳನ್ನು ನಾವು ಮರೆಯಬಾರದು. 2013ರ ಜನವರಿ 1ರಿಂದ ವ್ಯಾಟಿಕನ್ ನಗರದೊಳಗೆ ಕಾರ್ಡ್ ಪಾವತಿಯೇ ನಿಂತುಹೋಗಿತ್ತು. ಅಲ್ಲಿ ಯಂತ್ರಗಳನ್ನು ನಡೆಸುತ್ತಿದ್ದ ಬ್ಯಾಂಕಿಗೆ ಇಟಲಿಯ ಕೇಂದ್ರ ಬ್ಯಾಂಕು ಅನುಮತಿ ಕೊಡಲಿಲ್ಲ; ಅಕ್ರಮ ಹಣದ ತಡೆಗೆ ಬೇಕಾದ ನಿಯಮಗಳು ಸಾಲದು ಎಂಬುದು ಅದರ ಆಕ್ಷೇಪ. ಸ್ವಿಸ್ ಕಂಪೆನಿಯೊಂದರ ಮೂಲಕ ಫೆಬ್ರವರಿ 12ರಂದು ಸೇವೆ ಮರಳುವವರೆಗೆ, ವಸ್ತುಸಂಗ್ರಹಾಲಯದ ಬಾಗಿಲಿಗೆ ಬಂದ ಯಾತ್ರಿಕರು ನೋಟು ಎಣಿಸಿಯೇ ಒಳಗೆ ಹೋಗಬೇಕಾಯಿತು.

ಎರಡನೆಯದು ಇತ್ತೀಚಿನದು. 2025ರ ಏಪ್ರಿಲ್ 28ರಂದು ಸ್ಪೇನ್ ಮತ್ತು ಪೋರ್ಚುಗಲ್‌ಗಳಲ್ಲಿ ಒಮ್ಮೆಲೇ ವಿದ್ಯುತ್ ಹೋಯಿತು. ಎಟಿಎಂಗಳು ಸತ್ತವು, ಅಂಗಡಿಯ ಯಂತ್ರಗಳು ನಿಂತವು. ಆ ಮಧ್ಯಾಹ್ನ ನೀರು, ಬ್ರೆಡ್ ಸಿಕ್ಕಿದ್ದು ಹೆಚ್ಚಾಗಿ ಜೇಬಿನಲ್ಲಿ ಯೂರೋ ಇದ್ದವರಿಗೆ. ಅದರ ಮರು ತಿಂಗಳೇ ನೆದರ್‌ಲ್ಯಾಂಡ್ಸ್‌ನ ಕೇಂದ್ರ ಬ್ಯಾಂಕು, ಪ್ರತಿ ವಯಸ್ಕರಿಗೆ 70 ಯೂರೋ, ಮಗುವಿಗೆ 30 ಯೂರೋ ಲೆಕ್ಕದಲ್ಲಿ ಮನೆಯಲ್ಲಿ ನಗದು ಇಟ್ಟುಕೊಳ್ಳಿ ಎಂದು ತನ್ನ ಜನರಿಗೆ ಸಲಹೆ ಕೊಟ್ಟಿತು. ಚಹಾಕ್ಕೂ ಕಾರ್ಡ್ ಉಜ್ಜುವ ದೇಶದ ಮಾತಿದು.

ಹಾಗೆಂದು ಎಲ್ಲವನ್ನೂ ನೋಟಿನಲ್ಲಿ ಒಯ್ಯುವುದು ಜಾಣತನವಲ್ಲ. ರೋಮ್‌ನ ತೆರ್ಮಿನಿ ನಿಲ್ದಾಣದಿಂದ ಸಂತ ಪೇತ್ರರ ಮಹಾದೇವಾಲಯದ ಕಡೆಗೆ ಹೋಗುವ 64ನೇ ನಂಬ್ರದ ಬಸ್ಸು ಜೇಬುಗಳ್ಳರಿಗೆ ಹೆಸರಾದದ್ದು. ಹೋದ ಕಾರ್ಡನ್ನು ಒಂದು ಫೋನ್ ಕರೆಯಲ್ಲಿ ನಿಲ್ಲಿಸಬಹುದು, ಹೋದ ನೋಟು ಹೋಯಿತು. ಕಾನೂನಿನ ಮಿತಿಯೂ ಇದೆ. ಹೆಚ್ಚಿನ ದೇಶಗಳಿಗೆ ಹೋಗುವಾಗ ಒಬ್ಬರು ಒಂದು ಪ್ರಯಾಣಕ್ಕೆ 3,000 ಡಾಲರ್ ಮೌಲ್ಯದಷ್ಟು ವಿದೇಶಿ ನೋಟು ಮಾತ್ರ ಪಡೆಯಬಹುದು. ಉಳಿದದ್ದು ಕಾರ್ಡಿನಲ್ಲೇ ಇರಬೇಕು.

ಇನ್ನು ಖರ್ಚಿನ ಲೆಕ್ಕ. ಊರಿನಲ್ಲಿ ಬಳಸುವ ಡೆಬಿಟ್ ಅಥವಾ ಕ್ರೆಡಿಟ್ ಕಾರ್ಡನ್ನೇ ಅಲ್ಲಿ ಉಜ್ಜಿದರೆ ಅನೇಕ ಬ್ಯಾಂಕುಗಳು ಶೇ. 3.5ರಷ್ಟು ವಿನಿಮಯ ಶುಲ್ಕ, ಅದರ ಮೇಲೆ ಶೇ. 18 ಜಿಎಸ್‌ಟಿ ಹಾಕುತ್ತವೆ. 10,000 ರೂಪಾಯಿಯ ಸಾಮಾನಿಗೆ 413 ರೂಪಾಯಿ ಹೆಚ್ಚು. ಕ್ರೆಡಿಟ್ ಕಾರ್ಡಿನಿಂದ ಎಟಿಎಂನಲ್ಲಿ ನಗದು ತೆಗೆದರೆ ಆ ದಿನದಿಂದಲೇ ಬಡ್ಡಿ. ಅದನ್ನು ಕೊನೆಯ ದಾರಿಯಾಗಿ ಇಟ್ಟುಕೊಳ್ಳಿ. ಮೊದಲೇ ಯೂರೋ ತುಂಬಿಸುವ ಫಾರೆಕ್ಸ್ ಕಾರ್ಡಿನಲ್ಲಿ ದರ ಅಂದೇ ನಿಗದಿಯಾಗುತ್ತದೆ. ಆದರೆ ಯೂರೋ ಕಾರ್ಡನ್ನು ದಾರಿಯಲ್ಲಿ ದುಬೈಯ ಅಂಗಡಿಯಲ್ಲಿ ಬಳಸಿದರೆ ಮತ್ತೆ ಶುಲ್ಕ ಬೀಳಬಹುದು. ಅಂಗಡಿಯ ಯಂತ್ರ ‘ರೂಪಾಯಿಯಲ್ಲಿ ಕೊಡುವಿರಾ, ಯೂರೋದಲ್ಲಿಯೋ?’ ಎಂದು ಕೇಳುವುದುಂಟು. ನಮ್ಮ ದುಡ್ಡಲ್ಲವೇ ಎಂದು ರೂಪಾಯಿ ಒತ್ತಬೇಡಿ. ಅಲ್ಲಿ ದರ ಹಾಕುವುದು ಅಂಗಡಿಯ ಕಡೆಯವರು, ಅದು ಸಾಮಾನ್ಯವಾಗಿ ದುಬಾರಿ. ಯೂರೋ ಎನ್ನಿ. ನೋಟನ್ನೂ ವಿಮಾನ ನಿಲ್ದಾಣದಲ್ಲಿ ಅವಸರದಿಂದ ಕೊಳ್ಳುವ ಬದಲು ಪೇಟೆಯ ಬ್ಯಾಂಕು ಅಥವಾ ಪರವಾನಿಗೆ ಇರುವ ವಿನಿಮಯ ಕಚೇರಿಗಳಲ್ಲಿ ಎರಡು ಮೂರು ಕಡೆ ದರ ಕೇಳಿ ಕೊಳ್ಳುವುದು ಲೇಸು.

ಆದರೆ ನಮ್ಮ ಚಿಂತೆ ಈ ನಾಲ್ಕು ಶೇಕಡಾದ ಬಗ್ಗೆ ಅಲ್ಲ. ಯಾತ್ರಾ ತಂಡಗಳಲ್ಲಿ ಅರವತ್ತು ದಾಟಿದವರು, ಅದರಲ್ಲೂ ತಾಯಂದಿರು, ಹೆಚ್ಚು. ಮಗ ಗಲ್ಫ್‌ನಿಂದಲೇ ಅಮ್ಮನಿಗೆ ಕಾರ್ಡ್ ಮಾಡಿಸಿ ಕೊಟ್ಟಿರುತ್ತಾನೆ. ಪಿನ್ ಅವನಿಗೆ ಗೊತ್ತು, ಅಮ್ಮನಿಗೆ ನೆನಪಿಲ್ಲ. ನೆನಪಿಗೆಂದು ಚೀಟಿಯಲ್ಲಿ ಬರೆದು ಅದೇ ಪರ್ಸಿನಲ್ಲಿ ಇಟ್ಟಿರುತ್ತಾರೆ! ಒಟಿಪಿ ಬರುವುದು ಊರಿನ ಸಿಮ್‌ಗೆ. ಆ ಸಿಮ್‌ಗೆ ರೋಮಿಂಗ್ ಇಲ್ಲ. ಇನ್ನೂ ಒಂದಿದೆ. ರಿಸರ್ವ್ ಬ್ಯಾಂಕಿನ 2020ರ ಜನವರಿಯ ಆದೇಶದಂತೆ ಹೊಸದಾಗಿ ಕೊಡುವ ಕಾರ್ಡುಗಳು ಮೊದಲಿಗೆ ದೇಶದೊಳಗೆ ಮಾತ್ರ ನಡೆಯುತ್ತವೆ. ವಿದೇಶದ ಬಳಕೆಯನ್ನು ನಾವೇ ಕೇಳಿ ತೆರೆಸಬೇಕು. ಇದನ್ನು ತಿಳಿಯದೆ ಹೋದವರ ಕಾರ್ಡ್ ಮೊದಲ ಅಂಗಡಿಯಲ್ಲೇ ತಿರಸ್ಕೃತವಾಗುತ್ತದೆ. ಖಾತೆಯಲ್ಲಿ ಹಣವಿದ್ದೂ ಪರದೇಶದಲ್ಲಿ ಇನ್ನೊಬ್ಬರ ಮುಂದೆ ಕೈಯೊಡ್ಡುವ ಸಂಕಟ ಅನುಭವಿಸಿದವರಿಗೇ ಗೊತ್ತು.

ಆದುದರಿಂದ ಹೊರಡುವ ಹದಿನೈದು ದಿನ ಮೊದಲೇ ಬ್ಯಾಂಕಿಗೆ ಹೋಗಿ ವಿದೇಶ ಬಳಕೆ ತೆರೆಸಿ, ದಿನದ ಮಿತಿಯನ್ನು ಕಡಿಮೆ ಇಡಿಸಿ, ಊರಿನ ಎಟಿಎಂನಲ್ಲಿ ಅಮ್ಮನ ಕೈಯಿಂದಲೇ ಒಂದೆರಡು ಬಾರಿ ಹಣ ತೆಗೆಸಿ ಅಭ್ಯಾಸ ಮಾಡಿಸುವುದು ಮಕ್ಕಳ ಕೆಲಸ. ಕಾರ್ಡ್ ಕಳೆದರೆ ಕರೆಯಬೇಕಾದ ನಂಬ್ರವನ್ನು ಕಾಗದದಲ್ಲಿ ಬರೆದು ಕೊಡಿ. ಫೋನ್ ಕೂಡಾ ಕಳೆದಿರಬಹುದು. ಕಾರ್ಡಿನ ಜೊತೆಗೇ ಪಿನ್ ಇಟ್ಟಂತಹ ಅಜಾಗ್ರತೆಯಾದಲ್ಲಿ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕರದ್ದೇ ಎಂದು ರಿಸರ್ವ್ ಬ್ಯಾಂಕಿನ 2017ರ ಜುಲೈ ತಿಂಗಳ ಸುತ್ತೋಲೆ ಹೇಳಿತ್ತು.

ತಂಡದ ಮುಂದಾಳುಗಳಿಗೂ ಒಂದು ಮಾತು. ಕೆಲವು ತಂಡಗಳಲ್ಲಿ ಎಲ್ಲರ ಕೈಖರ್ಚಿನ ನೋಟುಗಳನ್ನೂ ಗುರುಗಳೋ ಸಂಚಾಲಕರೋ ಒಂದೇ ಚೀಲದಲ್ಲಿ ಇಟ್ಟುಕೊಳ್ಳುತ್ತಾರೆ. ಸದುದ್ದೇಶವೇ ಇರಬಹುದು, ನಮಗೆ ಇದು ಸರಿಕಾಣದು. ಮೂವತ್ತು ಜನರ ಹಣ ಒಬ್ಬರ ಬಳಿ ಸೇರಿದರೆ ಮೊತ್ತ ಸಲೀಸಾಗಿ 10,000 ಯೂರೋ ಮುಟ್ಟುತ್ತದೆ. ಅಷ್ಟು ನಗದಿನೊಂದಿಗೆ ಯುರೋಪಿಯನ್ ಒಕ್ಕೂಟವನ್ನು ಪ್ರವೇಶಿಸುವವರು ಕಸ್ಟಮ್ಸ್‌ಗೆ ಲಿಖಿತವಾಗಿ ತಿಳಿಸಲೇಬೇಕು. ಚೀಲ ಕಳೆದರೆ ಇಡೀ ತಂಡ ಬರಿಗೈ. ಅಜ್ಜಿಯೊಬ್ಬರು ಮೊಮ್ಮಗಳಿಗೆ ಒಂದು ಜಪಸರ ಕೊಳ್ಳಲು ಮುಂದಾಳುವಿನ ಅಪ್ಪಣೆಗೆ ಕಾಯುವುದು ಚೆಂದವೂ ಅಲ್ಲ.

ಊಟ ವಸತಿಗೆ ಮೊದಲೇ ಹಣ ಕಟ್ಟಿದ ಹತ್ತು ದಿನದ ಯಾತ್ರೆಗೆ ಒಬ್ಬರಿಗೆ 200 ರಿಂದ 300 ಯೂರೋ ನಗದು ಸಾಕು ಎಂಬುದು ನಮ್ಮ ಅಂದಾಜು. ಅದೂ 5, 10, 20ರ ನೋಟುಗಳಲ್ಲಿ, ಎರಡು ಕಡೆ ಹಂಚಿ. ರೋಮ್‌ನಲ್ಲಿ ನಗರಾಡಳಿತದ ವಸತಿ ತೆರಿಗೆಯನ್ನು ಹೋಟೆಲಿನವರು ಬೇರೆಯಾಗಿ ಕೇಳುತ್ತಾರೆ. ಶೌಚಾಲಯಕ್ಕೆ, ಮೊಂಬತ್ತಿಗೆ ಚಿಲ್ಲರೆ ಬೇಕು. ದೊಡ್ಡ ಖರ್ಚಿಗೆ ಫಾರೆಕ್ಸ್ ಕಾರ್ಡ್, ಅದು ಕೆಟ್ಟರೆ ಎಂದು ಪೆಟ್ಟಿಗೆಯ ಒಳಗೆ ಇನ್ನೊಂದು ಡೆಬಿಟ್ ಕಾರ್ಡ್. ಮರಳಿದ ಮೇಲೆ ಉಳಿದ ನೋಟುಗಳಲ್ಲಿ 2,000 ಡಾಲರ್ ಮೌಲ್ಯದವರೆಗೆ ಇಟ್ಟುಕೊಳ್ಳಬಹುದು, ಮಿಕ್ಕದ್ದನ್ನು 180 ದಿನಗಳೊಳಗೆ ಬ್ಯಾಂಕಿಗೆ ಒಪ್ಪಿಸಬೇಕು. ನಾಣ್ಯಗಳನ್ನು ಇಲ್ಲಿ ಸಾಮಾನ್ಯವಾಗಿ ಯಾರೂ ಕೊಳ್ಳುವುದಿಲ್ಲ, ಅವನ್ನು ಅಲ್ಲಿಯೇ ಕಾಣಿಕೆ ಡಬ್ಬಿಗೆ ಹಾಕಿ ಬನ್ನಿ.